ಖಾಲಿ ಬಿಟ್ಟ ಸೊನ್ನೆ

ಹರಿಣಿ ಡಾಕ್ಟರು ಮೊದಲ ಸಲ ರಾಮಾಂಜಿನಪ್ಪನ ಮನೆಗೆ ಬಂದಾಗ ಮೌನಿಕಾಗೆ ಐದು ವರ್ಷ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಹಿಪ್ಪುನೇರಳೆ ತೋಟಗಳ ನಡುವೆ ಒಂದೂವರೆ ಮೈಲಿ ನಡೆದುಕೊಂಡೇ ಬಂದಿದ್ದರು. ಬಂದವರು ಒಂದು ಮಾತ್ರೆಯನ್ನೂ ಕೊಡಲಿಲ್ಲ. ಮನೆಯ ಆರೂ ಜನರನ್ನು ಸಾಲಾಗಿ ಕೂರಿಸಿ ಒಂದೊಂದು ಸಿರಿಂಜು ರಕ್ತ ತೆಗೆದುಕೊಂಡರು.

"ಇವ್ರು ಕೊಡೋ ಡಾಕ್ಟ್ರಲ್ಲ ಕಣೇ, ತಗೊಳ್ಳೋ ಡಾಕ್ಟ್ರು" ಎಂದಳು ಅಶ್ವತ್ಥಮ್ಮ, ತೋಳು ಉಜ್ಜಿಕೊಳ್ಳುತ್ತ.

ಅಶ್ವತ್ಥಮ್ಮ ರಾಮಾಂಜಿನಪ್ಪನ ಅಕ್ಕ. ಅವನಿಗೆ ತನ್ನ ಮಗಳು ಕದಿರಮ್ಮನನ್ನೇ ಕೊಟ್ಟು ಮದುವೆ ಮಾಡಿದ್ದರಿಂದ ಅತ್ತೆಯೂ ಅವಳೇ. ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲಿಯೇ ಇದ್ದಳು. ಮಕ್ಕಳು ಅವಳನ್ನು ಅವ್ವ ಎನ್ನುತ್ತಿದ್ದರು. ಮಕ್ಕಳು ಮೂವರು. ದೊಡ್ಡವನು ಭಾನುಪ್ರಕಾಶ, ನಡುವಿನವನು ಸುನೀಲ್‌ಕುಮಾರ, ಕೊನೆಯವಳು ಮೌನಿಕಾ. ಡಾಕ್ಟರು ಬಂದದ್ದು ಭಾನುವಿಗಾಗಿ. ಅವನಿಗೆ ಆರನೇ ವರ್ಷದಿಂದಲೇ ಹೊತ್ತು ಮುಳುಗಿದರೆ ಕಣ್ಣು ಕಾಣುತ್ತಿರಲಿಲ್ಲ. ದಿನಕ್ಕೆ ಎರಡು ಬಿಂದಿಗೆ ನೀರು ಕುಡಿಯುತ್ತಿದ್ದ. ಹದಿಮೂರಕ್ಕೆ ಬರುವಷ್ಟರಲ್ಲಿ ಮುಖ ಊದಿಕೊಂಡಿತ್ತು. ಕಣ್ಣಿನ ಪರದೆಯನ್ನೂ ಮೂತ್ರಪಿಂಡವನ್ನೂ ಒಟ್ಟಿಗೇ ತಿನ್ನುವ ಕಾಯಿಲೆ ಇದು, ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಜೀನು ಬಂದರೆ ಮಾತ್ರ ಬರುತ್ತದೆ, ಆ ಜೀನು ಯಾವುದೆಂದು ಹುಡುಕುವುದೇ ತಮ್ಮ ಕೆಲಸ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಆಮೇಲೆ ದೊಡ್ಡ ಹಾಳೆ ಹಾಸಿಕೊಂಡು ಮನೆತನದ ನಕ್ಷೆ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಕಾಯಿಲೆಯವರಿಗೆ ಪೂರ್ತಿ ಕಪ್ಪು ತುಂಬಿದರು. ಗಂಡ ಹೆಂಡತಿಯ ನಡುವೆ ಒಂದು ಗೆರೆ. ರಾಮಾಂಜಿನಪ್ಪನಿಗೂ ಕದಿರಮ್ಮನಿಗೂ ನಡುವೆ ಮಾತ್ರ ಎರಡು ಗೆರೆ ಎಳೆದರು.

"ನಮಗ್ಯಾಕಮ್ಮ ಎರಡು?" ಅಶ್ವತ್ಥಮ್ಮ ಕೇಳಿದಳು.

"ಸಂಬಂಧ ಒಳಗೊಳಗೇ ಆಗಿದ್ಯಲ್ಲ ಅಜ್ಜಿ, ಅದಕ್ಕೆ."

ಗಟ್ಟಿ ಸಂಬಂಧ ಎಂದು ಡಾಕ್ಟರೇ ಬರೆದುಕೊಂಡು ಹೋದರು ಎಂದು ಅಶ್ವತ್ಥಮ್ಮ ಬಹಳ ದಿನ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು.

ಭಾನು ಹದಿನಾರಕ್ಕೆ ಹೋದ. ಹನ್ನೊಂದನೆಯ ದಿನ ಹರಿಣಿ ಡಾಕ್ಟರು ಬಂದು, ಕದಿರಮ್ಮನ ಕೈ ಹಿಡಿದು ಕೂತು ಅತ್ತರು. ಎಲೆ ಹಾಕಿದಾಗ ಎಲ್ಲರ ಜೊತೆ ಊಟ ಮಾಡಿದರು. ಕೈ ತೊಳೆದುಕೊಂಡು ಜಗಲಿಗೆ ಬಂದು ಹಾಳೆ ಬಿಡಿಸಿದರು. ಭಾನುವಿನ ಕಪ್ಪು ಚೌಕದ ಮೇಲೆ ಅಡ್ಡಡ್ಡ ಓರೆಗೆರೆ ಎಳೆದು, ಪಕ್ಕದಲ್ಲಿ ಹದಿನಾರು ಎಂದು ಬರೆದರು. ಕಂಬಕ್ಕೆ ಒರಗಿ ನಿಂತಿದ್ದ ಮೌನಿಕಾ ಅದನ್ನು ನೋಡಿದಳು. ಅಳುವಾಗಲೂ ಡಾಕ್ಟರ ಕೈಗೆ ಗೆರೆ ನೇರವಾಗಿ ಬರುತ್ತದೆ ಎಂದುಕೊಂಡಳು. ಆ ವರ್ಷವೇ ಸುನೀಲನ ಚೌಕವೂ ಕಪ್ಪಾಯಿತು.

ವರ್ಷ ಕಳೆದಂತೆ ಡಾಕ್ಟರು ಬಸ್ಸು ಬಿಟ್ಟು ಸಂಸ್ಥೆಯ ಜೀಪಿನಲ್ಲಿ ಬರತೊಡಗಿದರು, ಆಮೇಲೆ ಸ್ವಂತ ಕಾರು ಬಂತು. ಗೌರಿಬಿದನೂರು ಕಡೆ ನಾಲ್ಕು, ಚಿಕ್ಕಬಳ್ಳಾಪುರದ ಸುತ್ತ ಮೂರು, ಚಿಂತಾಮಣಿ ಶಿಡ್ಲಘಟ್ಟದಲ್ಲಿ ನಾಲ್ಕು, ಹೀಗೆ ಹನ್ನೊಂದು ಮನೆಗಳು ಅವರ ಕೈಗೆ ಸಿಕ್ಕಿದ್ದವು. ಅವುಗಳಲ್ಲಿ ಈ ಮನೆಯ ಹೆಸರು ಸಿ-ನಾಲ್ಕು. ಸಿ-ನಾಲ್ಕು ಹೊರದೇಶದ ಪತ್ರಿಕೆಯಲ್ಲಿ ಬಂದಾಗ ಡಾಕ್ಟರು ಒಂದು ಪ್ರತಿ ತಂದುಕೊಟ್ಟರು. ಸುನೀಲನ ಫೋಟೋ ಇತ್ತು, ಗುರುತು ಸಿಗದಿರಲಿ ಎಂದು ಕಣ್ಣ ಮೇಲೆ ಕಪ್ಪು ಪಟ್ಟಿ. ಮೌನಿಕಾ ಅದನ್ನು ಅವನಿಗೆ ವಿವರಿಸಿದಾಗ ಸುನೀಲ ನಕ್ಕ.

"ಕಾಣದಿರೋ ಕಣ್ಣಿಗೆ ಪಟ್ಟಿ ಬೇರೆ ದಂಡ. ಅದನ್ನ ಓದೋರ ಕಣ್ಣಿಗೇ ಕಟ್ಟಬೇಕಿತ್ತು."

ರಾಮಾಂಜಿನಪ್ಪನಿಗೂ ಡಾಕ್ಟರಿಗೂ ಮಾತು ಚೆನ್ನಾಗಿ ಕೂಡುತ್ತಿತ್ತು. ಅವನು ಶಿಡ್ಲಘಟ್ಟದಲ್ಲಿ ಖಾಸಗಿಯವರ ಬಿತ್ತನೆ ಕೋಠಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ರೇಷ್ಮೆ ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಆ ತಾಯಿ ಚಿಟ್ಟೆಯನ್ನು ಅರೆದು, ರಸವನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಗಂಟು ರೋಗ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಡುತ್ತಾರೆ. "ನಿಮ್ದೂ ನಮ್ದೂ ಒಂದೇ ಕಸುಬು ಮೇಡಂ" ಎನ್ನುತ್ತಿದ್ದ. "ನೀವು ಅರೆಯಲ್ಲ, ಅಷ್ಟೇ."

ಮೌನಿಕಾ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಳು. ಸುನೀಲನಿಗೆ ಹಗಲಲ್ಲೂ ಕಣ್ಣು ಕಾಣದಾಗಿತ್ತು, ಕೈ ಹಿಡಿದು ನಡೆಸಲು ಒಬ್ಬರು ಬೇಕಿತ್ತು. ಅವನ ಮೂತ್ರಪಿಂಡ ಪೂರ್ತಿ ಸೋತ ಮೇಲೆ ವಾರಕ್ಕೆ ಎರಡು ದಿನ ಚಿಂತಾಮಣಿ ಆಸ್ಪತ್ರೆಗೆ ಡಯಾಲಿಸಿಸ್ಸಿಗೆ ಕರೆದೊಯ್ಯುವವಳೂ ಅವಳೇ. ಅವನಿಗೆ ಸೂಜಿ ಹಾಕಿ ಮಲಗಿಸಿದ ನಾಲ್ಕು ಗಂಟೆಯಲ್ಲಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಹೊಲಿಗೆ ಕಲಿತಳು. ಗೌರಿಬಿದನೂರಿನ ಗಾರ್ಮೆಂಟ್ಸ್ ಒಂದಕ್ಕೆ ಅರ್ಜಿ ಹಾಕಿದಳು. ಕೆಲಸ ಸಿಕ್ಕಿತು, ಇರುವುದಕ್ಕೆ ಹಾಸ್ಟೆಲ್ಲೂ ಇತ್ತು. ಆ ಕಾಗದವನ್ನು ಅವಳು ಯಾರಿಗೂ ತೋರಿಸಲಿಲ್ಲ. ಸಮಯ ನೋಡಿ ಹೇಳೋಣ ಎಂದಿಟ್ಟುಕೊಂಡಿದ್ದಳು.

ಅದೇ ತಿಂಗಳು ಹರಿಣಿ ಡಾಕ್ಟರು ಸ್ವೀಟ್ ಬಾಕ್ಸ್ ಹಿಡಿದು ಬಂದರು. ಹದಿನಾಲ್ಕು ವರ್ಷ ಹುಡುಕಿದ ಜೀನು ಸಿಕ್ಕಿತ್ತು. ಈ ಸಲ ಮನೆತನದ ನಕ್ಷೆಯನ್ನು ಬಣ್ಣದ ಹಾಳೆಯಲ್ಲಿ ಅಚ್ಚು ಹಾಕಿಸಿ ತಂದಿದ್ದರು. ಎಲ್ಲರೂ ನಡುಮನೆಯಲ್ಲಿ ಸುತ್ತ ಕೂತರು. ಅಶ್ವತ್ಥಮ್ಮನ ಸೊನ್ನೆ ಅರ್ಧ ಕಪ್ಪು. ರಾಮಾಂಜಿನಪ್ಪನ ಚೌಕ ಅರ್ಧ ಕಪ್ಪು. ಕದಿರಮ್ಮನದೂ ಅರ್ಧ.

"ಅರ್ಧ ಅಂದ್ರೆ ಹೆದರಬೇಡಿ. ನಿಮಗೆ ಕಾಯಿಲೆ ಬರಲ್ಲ, ಮಕ್ಕಳಿಗೆ ದಾಟಿಸಬಹುದು ಅಷ್ಟೇ" ಎಂದು ಡಾಕ್ಟರು ಮೌನಿಕಾಳ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು. "ಇವಳಿಗೆ ಹದಿನೆಂಟು ಆಗಲಿ ಅಂತ ಕಾದಿದ್ದೆ. ನೋಡಿ, ಇವಳ ಸೊನ್ನೆ ಪೂರ್ತಿ ಖಾಲಿ. ಇವಳ ಹತ್ರ ಆ ಜೀನೇ ಇಲ್ಲ. ಈ ಮನೇಲಿ ನಾನು ಒಳ್ಳೇ ಸುದ್ದಿ ಹೇಳ್ತಿರೋದು ಇದೇ ಮೊದಲು."

ಎಲ್ಲರೂ ಮೌನಿಕಾಳನ್ನು ನೋಡಿದರು. ಅವಳಿಗೆ ಕೈ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕದಿರಮ್ಮ ಎದ್ದು ಬಂದು ಮಗಳ ತಲೆ ಸವರಿದಳು.

"ಹಂಗಾದ್ರೆ ಇವಳ ಕಿಡ್ನಿ ಚೊಕ್ಕ" ಎಂದ ರಾಮಾಂಜಿನಪ್ಪ.

ಡಾಕ್ಟರ ಮುಖದಿಂದ ನಗು ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ಅರ್ಧ ಕಪ್ಪಿದ್ದೋರೂ ಕೊಡಬಹುದು ರಾಮಾಂಜಿನಪ್ಪ. ಕದಿರಮ್ಮನಿಗೆ ಬಿ.ಪಿ. ಇದೆ, ಅವರದು ಆಗಲ್ಲ. ನಿಮ್ಮದು ಆಗುತ್ತೆ. ನಿಮ್ಮ ರಕ್ತದ ಗುಂಪು, ಸುನೀಲನ ಗುಂಪು ಒಂದೇ."

"ಮೇಡಂ, ಒಂದು ಚಿಟ್ಟೇಲಿ ಗಂಟು ಕಂಡ್ರೆ ನಾವು ಅದರ ಅಷ್ಟೂ ಮೊಟ್ಟೆ ಸುಡ್ತೀವಿ. ಅರ್ಧ ಕೆಟ್ಟದ್ದು, ಅರ್ಧ ಒಳ್ಳೇದು ಅಂತ ನಮ್ಮಲ್ಲಿಲ್ಲ."

"ಅಲ್ವೇ ಮತ್ತೆ" ಎಂದಳು ಅಶ್ವತ್ಥಮ್ಮ. "ಅದೇ ಕಾಯಿಲೆ ಬೀಜ ಇರೋದನ್ನ ತಂದು ಅದೇ ಕಾಯಿಲೆ ಮಗೀಗೆ ಯಾರಾದ್ರೂ ಹಾಕ್ತಾರಾ? ಏಮಮ್ಮಾ, ನೀನೇ ಖಾಲಿ ಅಂತ ಬರ್ಕೊಂಡು ಬಂದು, ಈಗ ಅರ್ಧ ಆದ್ರೂ ನಡೀತದೆ ಅಂತೀಯ."

ಡಾಕ್ಟರು ಇನ್ನೂ ಮೂರು ಸಲ ಹೇಳಿದರು. ಮೂರು ಸಲವೂ ರಾಮಾಂಜಿನಪ್ಪ ತಲೆಯಾಡಿಸಿದ. ಮಾತಿನ ನಡುವೆ ಅವನ ಎಡಗೈ ತಾನಾಗಿಯೇ ಸೊಂಟದ ಮೇಲೆ ಹೋಗಿ ಕೂತಿದ್ದನ್ನು ಮೌನಿಕಾ ಕಂಡಳು. ಸುನೀಲ ಮೂಲೆಯಲ್ಲಿ ಕೂತು ಮೈಸೂರುಪಾಕು ತಿನ್ನುತ್ತಿದ್ದ.

ಮರುವಾರದಿಂದ ಓಡಾಟ ಶುರುವಾಯಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಮೌನಿಕಾಳ ರಕ್ತ, ಮೂತ್ರ, ಸ್ಕ್ಯಾನು ಎಲ್ಲ ಆಯಿತು. ಮನೆಯಲ್ಲಿ ಅವಳಿಗೆ ದಿನಾ ಮೊಟ್ಟೆ, ಹಾಲು. "ತಿನ್ನಮ್ಮ, ಇಬ್ಬರಿಗೆ ತಿನ್ನಬೇಕು ನೀನು" ಎಂದು ಅಶ್ವತ್ಥಮ್ಮ ನಗುತ್ತಿದ್ದಳು. ಹಟ್ಟಿಯ ಹಸುವಿಗೆ ಹಿಂಡಿ ಇಡುವಾಗಲೂ ಅವ್ವನ ದನಿ ಹಾಗೇ ಇರುತ್ತದೆ ಎಂದು ಮೌನಿಕಾಗೆ ಅನಿಸಿತು. ಗೌರಿಬಿದನೂರಿನ ಕಾಗದದಲ್ಲಿ ಬರೆದಿದ್ದ ತಾರೀಕು ಹತ್ತಿರವಾಗುತ್ತಿತ್ತು. ಅಣ್ಣನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ. ನಾಲ್ಕು ವರ್ಷ ಅವನ ಕೈ ಹಿಡಿದು ನಡೆಸಿದವಳು ಅವಳೇ. ಆದರೆ ನಿನಗೆ ಇಷ್ಟವಿದೆಯೇ ಎಂದು ಆ ಮನೆಯಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ ಅವಳಿಗೂ ಗೊತ್ತಿರಲಿಲ್ಲ. ಕೇಳದೇ ಹೋದದ್ದರಿಂದ ಮನಸ್ಸು ಕಲ್ಲಾಯಿತು.

ಒಂದು ದಿನ ಡಯಾಲಿಸಿಸ್ಸಿನ ಹೊತ್ತಲ್ಲಿ ಹೊರಗೆ ಬಂದು ಹರಿಣಿ ಡಾಕ್ಟರಿಗೆ ಫೋನು ಮಾಡಿದಳು.

"ಮೇಡಂ, ನನ್ನ ಸೊನ್ನೇನೂ ಅರ್ಧ ಮಾಡಿಬಿಡಿ."

"ಸುಳ್ಳು ಬರೆಯೋಕಾಗಲ್ಲಮ್ಮ. ಅದು ಅಚ್ಚಾಗಿ ಹೋಗಿದೆ" ಎಂದರು ಡಾಕ್ಟರು. "ಅವತ್ತು ನಿನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಬೇಕಿತ್ತು. ನಿಯಮ ಇರೋದು ಹಾಗೇ. ಸಂತೋಷದಲ್ಲಿ ತಪ್ಪು ಮಾಡಿದೆ. ಕೇಳು, ಆಸ್ಪತ್ರೇಲಿ ನಿನ್ನ ಒಬ್ಬಳನ್ನೇ ಕೋಣೇಲಿ ಕೂರಿಸಿ, ಇಷ್ಟ ಇದೆಯಾ ಅಂತ ಕೇಳ್ತಾರೆ. ಇಲ್ಲ ಅನ್ನು. ಹೊಂದಿಕೆ ಆಗಲಿಲ್ಲ ಅಂತಷ್ಟೇ ಮನೆಯವರಿಗೆ ಹೇಳ್ತಾರೆ. ಯಾರಿಗೂ ತಿಳಿಯಲ್ಲ."

ಹಾಗೆಯೇ ಆಯಿತು. ಕನ್ನಡಕ ಹಾಕಿದ ಹೆಂಗಸೊಬ್ಬರು ಕೇಳಿದರು. ಮೌನಿಕಾ ನೆಲ ನೋಡುತ್ತ "ಇಷ್ಟ ಇಲ್ಲ" ಎಂದಳು. ಹೊರಗೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಸುನೀಲ, ಅವನಾಚೆ ಅಪ್ಪ ಕೂತಿದ್ದರು. ಅರ್ಧ ಗಂಟೆಯ ಮೇಲೆ ಆ ಹೆಂಗಸು ಬಂದು, ತಂಗಿಯ ಕಿಡ್ನಿ ಹೊಂದಿಕೆಯಾಗುತ್ತಿಲ್ಲ, ಬೇರೆ ಯಾರಾದರೂ ಇದ್ದಾರೆಯೇ ನೋಡಿ ಎಂದರು. ಬದುಕಿದೆ ಎಂದುಕೊಂಡಳು ಮೌನಿಕಾ. ಬಸ್ಸಿನಲ್ಲಿ ಗೌರಿಬಿದನೂರಿಗೆ ಒಯ್ಯಬೇಕಾದ ಬಟ್ಟೆಗಳನ್ನು ಮನಸ್ಸಿನಲ್ಲೇ ಮಡಿಸಿಟ್ಟಳು.

ಮಾರನೆಯ ಬೆಳಿಗ್ಗೆ ಅಶ್ವತ್ಥಮ್ಮ ಗೋಡೆಗೆ ಅಂಟಿಸಿದ್ದ ಡಾಕ್ಟರ ಬಣ್ಣದ ನಕ್ಷೆ ಬಿಚ್ಚಿ ತಂದು ಜಗಲಿಯಲ್ಲಿ ಹರಡಿಕೊಂಡು ಕೂತಳು.

"ನಾನು ಅರ್ಧ. ನನ್ನ ತಮ್ಮ ಅರ್ಧ. ಕದಿರಿ ಅರ್ಧ. ಹೋದೋನು ಪೂರ್ತಿ, ಇರೋನು ಪೂರ್ತಿ" ಎಂದು ಬೆರಳಿಟ್ಟು ತೋರಿಸಿದಳು. "ಇವಳಿಗೆ ಮಾತ್ರ ಒಂದು ಚುಕ್ಕೆನೂ ಇಲ್ಲ. ಕಿಡ್ನೀನೂ ಹೊಂದಲ್ಲ ಅಂತಾರೆ. ಒಂದೇ ರಕ್ತ ಆಗಿದ್ರೆ ಯಾಕೆ ಹೊಂದಲ್ಲ?"

ರಾಮಾಂಜಿನಪ್ಪ ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದ. ಹೊರಗಿನ ಚಿಟ್ಟೆ ಬೆರೆತರೆ ಹುಳುವಿನ ಮೈಬಣ್ಣದಲ್ಲೇ ಗೊತ್ತಾಗುವ ಕಸುಬು ಅವನದು.

"ಕದಿರಿ" ಎಂದು ಕೂಗಿದ. ಅವಳು ಸೌದೆ ಹಿಡಿದುಕೊಂಡೇ ಬಂದಳು. "ಇವಳು ಯಾರಿಗೆ ಹುಟ್ಟಿದ್ದು?"

ಕದಿರಮ್ಮನಿಗೆ ಮೊದಲು ಮಾತೇ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ನೋಡಿದ್ದು ಗಂಡನನ್ನಲ್ಲ, ತನ್ನ ತಾಯಿಯನ್ನು. ಅಶ್ವತ್ಥಮ್ಮ ನಕ್ಷೆ ಮಡಿಸುತ್ತ ಕೂತಿದ್ದಳು. ತಮ್ಮನ ಮನೆಯ ಅನ್ನ ತಿನ್ನುವವಳು ಮಗಳ ಪರ ನಿಂತರೆ ತಾನೂ ಅವಳ ಹಿಂದೆಯೇ ಹೊರಗೆ ಹೋಗಬೇಕಾಗುತ್ತದೆ ಎಂದು ಅವಳಿಗೆ ತಿಳಿದಿತ್ತು.

"ಆಗ ಹುಳು ಮನೆಗೆ ಸೊಪ್ಪು ಹೇರ್ಕೊಂಡು ಮುನಿಶಾಮಪ್ಪ ಬರ್ತಿದ್ನಲ್ಲ" ಎಂದಳು ಅಶ್ವತ್ಥಮ್ಮ, ಯಾರಿಗೂ ಅಲ್ಲದಂತೆ. ಮುನಿಶಾಮಪ್ಪ ಸತ್ತು ಹನ್ನೆರಡು ವರ್ಷವಾಗಿತ್ತು. ಅವನನ್ನು ಕೇಳುವಂತಿರಲಿಲ್ಲ.

ರಾಮಾಂಜಿನಪ್ಪ ಹೊಡೆಯಲಿಲ್ಲ. ಹೆಂಡತಿಯ ಚಾಪೆ, ಎರಡು ಸೀರೆ ತೆಗೆದು, ರೇಷ್ಮೆ ಹುಳು ಸಾಕುವ ಹಿತ್ತಲಿನ ಹುಳು ಮನೆಗೆ ಎಸೆದು ಬಂದ. ಒಂದು ಬೆಳೆ ಮುಗಿದು ಔಷಧಿ ಹೊಡೆದಿದ್ದರು. ಒಳಗೆ ಕಾಲಿಟ್ಟರೆ ಮೂಗು ಉರಿಯುತ್ತಿತ್ತು. ಕದಿರಮ್ಮ ಅಲ್ಲಿ ಕೂತಳು. ಮೌನಿಕಾ ತಟ್ಟೆ ಒಯ್ದರೆ ತೆಗೆದುಕೊಳ್ಳಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅಳುವಿಗೋ ಔಷಧಿಗೋ ಗೊತ್ತಾಗುತ್ತಿರಲಿಲ್ಲ. ನಾಲ್ಕನೆಯ ದಿನ ಒಂದೇ ಮಾತು ಹೇಳಿದಳು.

"ನಾನೇನೂ ಮಾಡಿಲ್ಲ ಕಣಮ್ಮ. ನೀನಾದ್ರೂ ನಂಬ್ತೀಯ?"

ನಂಬುವುದಲ್ಲ, ನಿಜ ಗೊತ್ತಿದ್ದವಳು ಅವಳೊಬ್ಬಳೇ. ಆದರೂ ಬಾಯಿ ಬಿಡಲಿಲ್ಲ. ಬೇರೆ ದಾರಿ ಒಂದಿದೆ ಎಂದುಕೊಂಡು, ನಾಲ್ಕು ದಿನ ಬಿಟ್ಟು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು. ಅಲ್ಲಿ ಅವತ್ತು ಹರಿಣಿ ಡಾಕ್ಟರ ಕಣ್ಣು ತಪಾಸಣೆಯ ಶಿಬಿರವಿತ್ತು. ಟೋಕನ್ ಹಿಡಿದು ಮೂರು ಗಂಟೆ ಕಾದು ಒಳಗೆ ಹೋದಳು.

"ನಾನು ಅಪ್ಪನ ಮಗಳೇ ಅಂತ ನಿಮಗೆ ಗೊತ್ತಲ್ವಾ ಮೇಡಂ?"

"ಗೊತ್ತು. ನಕ್ಷೆ ಹಾಕೋ ಮುಂಚೆ ಮೊದಲು ನೋಡೋದೇ ಅದನ್ನ."

"ಅಷ್ಟನ್ನ ಅಪ್ಪಂಗೆ ಹೇಳಿಬಿಡಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದೊಂದು ಆಗಲ್ಲಮ್ಮ. ನಿಮ್ಮ ಹತ್ರ ಸಹಿ ಹಾಕಿಸ್ಕೊಂಡಿರೋದು ಕಾಯಿಲೆ ಹುಡುಕೋಕೆ ಮಾತ್ರ. ಯಾರು ಯಾರ ಮಗು ಅಂತ ಹೇಳೋ ಹಾಗಿಲ್ಲ. ಹನ್ನೊಂದು ಮನೆ ಇವೆ. ನಿಮ್ಮನೇಲಿ ಹೌದು ಅಂತ ಹೇಳಿದ್ರೆ, ನಾಳೆ ಇನ್ನೊಂದು ಮನೇಲಿ ನಾನು ಸುಮ್ಮನಿದ್ರೆ ಅವರ ಮಗು ಅಲ್ಲ ಅಂದ ಹಾಗೆ ಆಗುತ್ತೆ. ಆ ಮನೆ ಹೆಣ್ಣುಮಗಳ ಗತಿ ಏನು?" ಅವರು ಹೇಳಿದ್ದು ಸುಳ್ಳಲ್ಲವೆಂದು ಮೌನಿಕಾಗೆ ಗೊತ್ತಾಯಿತು. "ಅಲ್ದೆ, ನಿಮ್ಮಪ್ಪ ಸಿಟ್ಟಾಗಿ ಈ ಸ್ಟಡಿಯಿಂದಾನೇ ಹೊರಗೆ ಬರ್ತೀನಿ ಅಂದ್ರೆ ಹದಿನಾಲ್ಕು ವರ್ಷದ..." ಎಂದವರು ಅಲ್ಲಿಗೇ ನಿಲ್ಲಿಸಿ, ಮುಖ ಒರೆಸಿಕೊಂಡರು. "ಹೊಂದಿಕೆ ಆಗದಿದ್ರೂ ಸ್ವಂತ ಮಗಳಾಗಿರಬಹುದು ಅಂತ ಬೇಕಾದ್ರೆ ಹೇಳ್ತೀನಿ. ಅದು ಎಲ್ಲರಿಗೂ ಹೇಳೋ ಮಾತು."

ಆ ಸಂಜೆಯೇ ಫೋನು ಬಂತು. ರಾಮಾಂಜಿನಪ್ಪ ಸ್ಪೀಕರ್ ಹಾಕಿ ಜಗಲಿಯ ಮೇಲಿಟ್ಟ. ಡಾಕ್ಟರು ನಿಧಾನವಾಗಿ ಎಲ್ಲ ಹೇಳಿದರು. ಒಡಹುಟ್ಟಿದವರಲ್ಲೂ ಹೊಂದಿಕೆಯಾಗದೆ ಇರುವುದುಂಟು, ಅರ್ಧ ಕಪ್ಪಿನ ತಂದೆತಾಯಿಗೆ ನಾಲ್ವರಲ್ಲಿ ಒಂದು ಮಗು ಖಾಲಿಯಾಗಿ ಹುಟ್ಟುವುದು ಸಹಜ, ಅವಳು ನಿಮ್ಮ ಮಗಳೇ ಆಗಿರಬಹುದು ಎಂದರು.

"ಆಗಿರಬಹುದು ಅಂತೀರಿ" ಎಂದ ರಾಮಾಂಜಿನಪ್ಪ. "ನಮ್ಮೆಲ್ಲರ ರಕ್ತ ನಿಮ್ಮ ಹತ್ರಾನೇ ಇದೆ. ಹೌದು ಅಂತ ಒಂದು ಮಾತು ಹೇಳಿ ಮೇಡಂ, ಸಾಕು."

ಫೋನಿನಿಂದ ಫ್ಯಾನು ತಿರುಗುವ ಸದ್ದಷ್ಟೇ ಬರುತ್ತಿತ್ತು. ರಾಮಾಂಜಿನಪ್ಪ ಎಷ್ಟು ಹೊತ್ತು ಕಾಯಬೇಕೋ ಅಷ್ಟು ಕಾದು, ಬೆರಳಿಂದ ಒತ್ತಿ ಫೋನು ಆರಿಸಿದ. ಆಮೇಲೆ ಎದ್ದು ಹೋಗಿ ಹುಳು ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ. ನಾಳೆ ಪಂಚಾಯ್ತಿ ಸೇರಿಸುತ್ತೇನೆ ಎಂದ.

ಅದು ಎಂಟನೆಯ ದಿನ. ಮೌನಿಕಾ ಅವನೆದುರು ಹೋಗಿ ನಿಂತಳು. ಅಷ್ಟು ಹತ್ತಿರ ನಿಂತು ಅಪ್ಪನ ಜೊತೆ ಮಾತಾಡಿದ್ದೇ ಅವಳಿಗೆ ನೆನಪಿರಲಿಲ್ಲ.

"ಹೊಂದುತ್ತೆ" ಎಂದಳು. "ನಾನೇ ಇಷ್ಟ ಇಲ್ಲ ಅಂದಿದ್ದೆ. ಅದಕ್ಕೆ ಅವರು ಹಂಗೆ ಹೇಳಿದ್ದು. ಬೇಕಾದ್ರೆ ಆಸ್ಪತ್ರೆಗೆ ಹೋಗಿ ಕೇಳಣ ಬನ್ನಿ."

ಕೆನ್ನೆಗೆ ಒಂದು ಬಿತ್ತು. ಎರಡನೆಯದಕ್ಕೆ ಎತ್ತಿದ ಕೈಯನ್ನು ಅಶ್ವತ್ಥಮ್ಮ ಹಿಡಿದುಕೊಂಡಳು. "ಬ್ಯಾಡಪ್ಪ, ಆಪರೇಷನ್ ಆಗೋ ಮೈ ಅದು" ಎಂದಳು. ಆಮೇಲೆ ಮೊಮ್ಮಗಳ ಗಲ್ಲ ಎತ್ತಿ ನೋಡಿ, "ಮೂಗು ನೋಡು, ನಮ್ಮಪ್ಪಂದೇ ಮೂಗು. ನಾನು ಅವತ್ತೇ ಅಂದ್ಕೊಂಡೆ" ಎಂದಳು.

ಚಿಲಕ ತೆಗೆದರು. ಕದಿರಮ್ಮ ಬಂದು ಅಡಿಗೆಮನೆಯಲ್ಲಿ ಕೂತು ಮುದ್ದೆ ಮುರಿದಳು. ಎಂಟು ದಿನದ ಹಸಿವು, ಎರಡು ಮುದ್ದೆ ಉಂಡಳು. ಮೌನಿಕಾ ಪಕ್ಕದಲ್ಲಿ ನೀರಿಟ್ಟು ಕಾದಳು. ಅಮ್ಮ ಬೈದರೂ ಆಗಿತ್ತು, ಅತ್ತರೂ ಆಗಿತ್ತು. ಕದಿರಮ್ಮ ತಟ್ಟೆಯಲ್ಲೇ ಕೈ ತೊಳೆದು, "ಯಾವತ್ತು ಹೋಗಣ ಆಸ್ಪತ್ರೆಗೆ?" ಎಂದಳು.

ಗೌರಿಬಿದನೂರಿನ ತಾರೀಕು ಅಷ್ಟರಲ್ಲಿ ಕಳೆದಿತ್ತು.

ಬೆಂಗಳೂರಿನಲ್ಲಿ ಅದೇ ಕೋಣೆ, ಅದೇ ಕನ್ನಡಕದ ಹೆಂಗಸು. ಅವರು ಬಹಳ ಹೊತ್ತು ಕೇಳಿದರು. ಯಾರಾದರೂ ಬಲವಂತ ಮಾಡಿದ್ದಾರೆಯೇ, ಹೊಡೆದಿದ್ದಾರೆಯೇ, ಹೆದರಿಸಿದ್ದಾರೆಯೇ. ಮೌನಿಕಾ ಒಂದೊಂದಕ್ಕೂ ತಲೆ ಎತ್ತಿ ಇಲ್ಲ ಎಂದಳು. ಇಷ್ಟಪಟ್ಟು ಕೊಡುತ್ತಿದ್ದೇನೆ ಎಂದಳು. ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು.

ಅಪ್ಪ ಕೆಳಗೆ ಔಷಧಿ ಚೀಟಿ ಹಿಡಿದು ಸಾಲಿನಲ್ಲಿದ್ದ. ಬೆಂಚಿನ ಮೇಲೆ ಸುನೀಲ ಒಬ್ಬನೇ ಇದ್ದ.

"ಈ ಸಲ ಜೋರಾಗಿ ಹೇಳ್ದೆ ನೀನು" ಎಂದ. "ಹೋದ ಸಲ ತುಂಬ ಮೆತ್ತಗೆ ಹೇಳಿದ್ದೆ. ಆದ್ರೂ ನಂಗೆ ಕೇಳಿಸಿತ್ತು."

ಅವಳು ನಿಂತಲ್ಲೇ ನಿಂತಳು. "ನಿಂಗೆ ಅವತ್ತೇ ಗೊತ್ತಿತ್ತಾ ಅಣ್ಣ?"

"ಹೂಂ."

"ಅಮ್ಮ ಎಂಟು ದಿನ ಹುಳು ಮನೇಲಿ ಇದ್ಲು."

"ಗೊತ್ತು. ರಾತ್ರಿ ಕೆಮ್ಮೋದು ನನ್ನ ಕೋಣೆಗೆ ಕೇಳ್ತಿತ್ತು."

"ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ಸುನೀಲ ಊದಿದ ಮುಖವನ್ನು ಅವಳ ದನಿ ಬಂದ ಕಡೆಗೆ ತಿರುಗಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. "ನಾನು ಹೇಳಿದ್ರೆ ಅಪ್ಪ ನಿನ್ನ ಹೊಡೆದು ಎಳ್ಕೊಂಡು ಬರ್ತಿದ್ದ. ನೀನು ಒಳಗೆ ಹೋಗಿ ಮತ್ತೆ ಇಲ್ಲ ಅಂತಿದ್ದೆ. ಅವರು ಕೇಳೋದು ನಿನ್ನನ್ನೇ ತಾನೆ? ನೀನಾಗೇ ಬರಬೇಕಿತ್ತು ಕಣೇ. ಅಮ್ಮ ಅಲ್ಲಿದ್ರೆ ಬರ್ತೀಯ ಅಂತ ಗೊತ್ತಿತ್ತು. ಭಾನಣ್ಣ ಸಾಯೋವಾಗ ಪಕ್ಕದಲ್ಲಿ ಮಲಗಿದ್ದೋನು ನಾನು" ಎಂದ.

ಅವನು ಎದ್ದು ನಿಂತು, ಎಂದಿನಂತೆ ಎಡಗೈಯನ್ನು ಗಾಳಿಯಲ್ಲಿ ಮುಂದೆ ಚಾಚಿ, ಅವಳು ಹಿಡಿಯಲಿ ಎಂದು ಕಾದ.

"ನಡೀ, ಬಸ್ಸು ತಪ್ಪೋಗುತ್ತೆ" ಎಂದ.

ಅವಳು ಒಂದು ಗಳಿಗೆ ಆ ಕೈಯನ್ನು ನೋಡಿದಳು. ಮುಂದೆ ನಾಲ್ಕು ಮೆಟ್ಟಿಲಿದ್ದವು. ಕೈ ಹಿಡಿದುಕೊಂಡು, "ಮೆಟ್ಲು ಇದೆ" ಎಂದಳು.